ಸೊನ್ನೆಗೆ ಲೆಕ್ಕದ ನಿಯಮ ಬರೆದವನು

"ಸೊನ್ನೆ ಕಂಡುಹಿಡಿದಿದ್ದು ಆರ್ಯಭಟ ಅಲ್ವಾ ಸರ್?" ಗಣಿತ ಪಾಠ ಮಾಡುವ ನನಗೆ ವಿದ್ಯಾರ್ಥಿಗಳು ಜಾಸ್ತಿ ಕೇಳುವ ಪ್ರಶ್ನೆ ಇದು. ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಯಾಕೆಂದರೆ ಸೊನ್ನೆ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. 205ರಲ್ಲಿ ಅದು ಹತ್ತರ ಸ್ಥಾನ ಖಾಲಿ ಇದೆ ಎಂದು ತೋರಿಸುತ್ತದೆ, ಅಷ್ಟೇ. 5 ಕಳೆ 5 ಅಂದಾಗ ಬರುವ ಸೊನ್ನೆ ತಾನೇ ಒಂದು ಸಂಖ್ಯೆ. ಮೊದಲನೆಯದರಿಂದ ಎರಡನೆಯದಕ್ಕೆ ಬರಲು ನೂರಾರು ವರ್ಷ ಹಿಡಿಯಿತು.

ಖಾಲಿ ಜಾಗದ ತೊಂದರೆಯನ್ನು ಮೊದಲು ಅನುಭವಿಸಿದವರಲ್ಲಿ ಬ್ಯಾಬಿಲೋನಿಯಾದವರು ಸೇರುತ್ತಾರೆ. ಅವರದು 60ರ ಲೆಕ್ಕ. ಹಸಿ ಜೇಡಿಮಣ್ಣಿನ ಹಲಗೆಯ ಮೇಲೆ ಗುರುತು ಒತ್ತುತ್ತಿದ್ದರು. 61 ಅಂದರೆ ಅರವತ್ತರ ಸ್ಥಾನದಲ್ಲಿ ಒಂದು ಗುರುತು, ಬಿಡಿ ಸ್ಥಾನದಲ್ಲಿ ಒಂದು. 3601 ಅಂದರೆ 60×60 ಮತ್ತು 1. ಅದಕ್ಕೂ ಎರಡೇ ಗುರುತು, ನಡುವೆ ಖಾಲಿಯಿರುವ ಅರವತ್ತರ ಸ್ಥಾನಕ್ಕೆ ಒಂದಿಷ್ಟು ಜಾಗ. ಆ ಜಾಗ ಸ್ವಲ್ಪ ಕಿರಿದಾದರೆ 3601 ಹೋಗಿ 61 ಆಯಿತು! ಕ್ರಿ.ಪೂ. 300ರ ಸುಮಾರಿಗೆ ಅಲ್ಲಿ ಎರಡು ಓರೆ ಗುರುತು ಹಾಕುವ ರೂಢಿ ಬಂತು. ಆದರೆ ಸಂಖ್ಯೆಯ ಕೊನೆಯಲ್ಲಿ ಅದನ್ನು ಹಾಕುತ್ತಿರಲಿಲ್ಲ. ಬರೆದದ್ದು 1 ಇರಬಹುದೋ 60 ಇರಬಹುದೋ, ಸಂದರ್ಭ ನೋಡಿಯೇ ತಿಳಿಯಬೇಕಿತ್ತು. ಇವರ ಸಂಪರ್ಕವೇ ಇಲ್ಲದ, ಮಧ್ಯ ಅಮೆರಿಕದ ಮಾಯಾ ಜನರೂ ತಮ್ಮ ಕಾಲಗಣನೆಗೆ ಚಿಪ್ಪಿನ ಆಕಾರದ ಸೊನ್ನೆ ಬಳಸಿದ್ದರು.

ಇನ್ನು ಆರ್ಯಭಟ. 499ರ ಆರ್ಯಭಟೀಯದಲ್ಲಿ ಸ್ಥಾನದಿಂದ ಸ್ಥಾನಕ್ಕೆ ಬೆಲೆ ಹತ್ತು ಪಟ್ಟಾಗುತ್ತದೆ ಎಂಬ ಮಾತಿದೆ. ವರ್ಗಮೂಲ ತೆಗೆಯುವ ಅವನ ವಿಧಾನವೂ ಈ ಸ್ಥಾನಬೆಲೆಯ ಮೇಲೆಯೇ ನಿಂತಿದೆ. ಆದರೆ ಸಂಖ್ಯೆಗಳನ್ನು ಅವನು ಅಕ್ಷರಗಳಲ್ಲಿ ಬರೆದ, ಅಲ್ಲಿ ಸೊನ್ನೆಯ ಗುರುತು ಬೇಕಾಗಲಿಲ್ಲ. ಕಲ್ಲಿನ ಮೇಲೆ ಸೊನ್ನೆ ಕಾಣುವುದು ಇನ್ನೂ ತಡವಾಗಿ. ಕಾಂಬೋಡಿಯಾದ ಒಂದು ಶಾಸನದಲ್ಲಿ ಶಕವರ್ಷ 605, ಅಂದರೆ ಕ್ರಿ.ಶ. 683, ನಡುವೆ ಚುಕ್ಕೆ ಇಟ್ಟು ಬರೆದಿದೆ. ಗ್ವಾಲಿಯರ್ ಕೋಟೆಯ ಚತುರ್ಭುಜ ದೇವಾಲಯದ 876ರ ಶಾಸನದಲ್ಲಿ 270 ಮತ್ತು 50 ಇವೆ, ಸೊನ್ನೆ ಪುಟ್ಟ ವೃತ್ತದಂತೆ ಕಾಣುತ್ತದೆ.

ನನ್ನ ಮಟ್ಟಿಗೆ ದೊಡ್ಡ ನೆಗೆತ ಈ ಗುರುತುಗಳದ್ದಲ್ಲ. ಅದು 628ರಲ್ಲಿ ಬ್ರಹ್ಮಗುಪ್ತ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬರೆದ ನಿಯಮಗಳದ್ದು. ಅವನು ಧನ ಸಂಖ್ಯೆ, ಋಣ ಸಂಖ್ಯೆ, ಸೊನ್ನೆ ಮೂರನ್ನೂ ಒಂದೇ ಸಾಲಿನಲ್ಲಿ ಕೂರಿಸಿದ. ಸಮನಾದ ಧನ ಮತ್ತು ಋಣ ಕೂಡಿದರೆ ಸೊನ್ನೆ. ಋಣಕ್ಕೆ ಸೊನ್ನೆ ಕೂಡಿದರೆ ಋಣವೇ. ಸೊನ್ನೆಯಿಂದ ಋಣ ಕಳೆದರೆ ಧನ. ಯಾವುದನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ. ಇವತ್ತಿನ ಶಾಲಾ ಪುಸ್ತಕದಲ್ಲಿ ಇರುವುದೂ ಇದೇ.

ಭಾಗಾಕಾರದಲ್ಲಿ ಮಾತ್ರ ಅವನು ತಪ್ಪಿದ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದ. ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ, ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗುವುದಿಲ್ಲ ಅಂದ. ಅದೂ ತಪ್ಪು. ಈ ತಪ್ಪುಗಳನ್ನು ಹೇಳಲು ಕೆಲವರು ಹಿಂಜರಿಯುತ್ತಾರೆ. ನನಗಂತೂ ಇವುಗಳ ಮೇಲೆ ತುಂಬಾ ಪ್ರೀತಿ. ಸೊನ್ನೆ ಸುಮ್ನೆ ಖಾಲಿ ಜಾಗದ ಗುರುತಾಗಿದ್ದರೆ, ಅದರಿಂದ ಭಾಗಿಸಿದರೆ ಏನಾಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ಸಂಖ್ಯೆ ಎಂದು ಪೂರ್ತಿ ಒಪ್ಪಿಕೊಂಡವರಿಗೆ ಮಾತ್ರ ಆ ಪ್ರಶ್ನೆ ಏಳುತ್ತದೆ.

ತಪ್ಪು ಯಾಕೆ ಅಂತ ನೋಡುವುದು ಸುಲಭ. 6ನ್ನು ಸೊನ್ನೆಯಿಂದ ಭಾಗಿಸಿ ಉತ್ತರ ಬಂದರೆ, ಆ ಉತ್ತರವನ್ನು ಸೊನ್ನೆಯಿಂದ ಗುಣಿಸಿದಾಗ 6 ಸಿಗಬೇಕು. ಅಂಥ ಸಂಖ್ಯೆಯೇ ಇಲ್ಲ. ಸೊನ್ನೆಯನ್ನೇ ಸೊನ್ನೆಯಿಂದ ಭಾಗಿಸಲು ಹೋದರೆ ಯಾವ ಸಂಖ್ಯೆ ಇಟ್ಟರೂ ತಾಳೆಯಾಗುತ್ತದೆ. ಒಂದು ಕಡೆ ಉತ್ತರವೇ ಇಲ್ಲ, ಇನ್ನೊಂದು ಕಡೆ ಉತ್ತರಗಳಿಗೆ ಲೆಕ್ಕವೇ ಇಲ್ಲ. ಅದಕ್ಕೇ ಇಂದಿನ ಗಣಿತ ಎರಡನ್ನೂ ಹೊರಗಿಟ್ಟಿದೆ.

1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯ ಕೊಡುವ ಲೆಕ್ಕ ಇನ್ನೂ ಚೆಂದ. ಒಂದು ಸಂಖ್ಯೆಯನ್ನು ಸೊನ್ನೆಯಿಂದ ಗುಣಿಸು, ಬಂದದ್ದಕ್ಕೆ ಅದರ ಅರ್ಧ ಕೂಡು, ಮೂರರಿಂದ ಗುಣಿಸು, ಸೊನ್ನೆಯಿಂದ ಭಾಗಿಸು. 63 ಬಂದರೆ ಆ ಸಂಖ್ಯೆ ಯಾವುದು? ನಮ್ಮ ರೀತಿಯಲ್ಲಿ ಮೊದಲ ಹೆಜ್ಜೆಯಲ್ಲೇ ಎಲ್ಲ ಸೊನ್ನೆಯಾಗಿ ಲೆಕ್ಕ ನಿಂತುಹೋಗುತ್ತದೆ. ಭಾಸ್ಕರನ ಉತ್ತರ 14. ಮುಂದೆ ಲೆಕ್ಕ ಬಾಕಿ ಇದ್ದರೆ ಸೊನ್ನೆಯನ್ನು ಗುಣಕವಾಗಿ ಹಾಗೇ ಉಳಿಸಿಕೋ ಅನ್ನುತ್ತಾನೆ. ಕೊನೆಗೆ ಭಾಗಿಸುವಾಗ ಎರಡು ಸೊನ್ನೆಗಳನ್ನೂ ಹೊಡೆದುಹಾಕುತ್ತಾನೆ. ಸೊನ್ನೆಯ ಬದಲು 0.001 ಇಟ್ಟು ಮಾಡಿ ನೋಡಿ, 14 ಸರಿಯಾಗಿ ಬರುತ್ತದೆ. 17ನೇ ಶತಮಾನದಲ್ಲಿ ಕಲನಶಾಸ್ತ್ರ (ಕ್ಯಾಲ್ಕುಲಸ್) ಕಟ್ಟುವಾಗ ನ್ಯೂಟನ್ ಮತ್ತು ಲೈಬ್ನಿಟ್ಸ್ ಎದುರಿಗೆ ಬಂದು ನಿಂತದ್ದೂ ಇಂಥದೇ ಸೊನ್ನೆ ಭಾಗಿಸು ಸೊನ್ನೆ. ಅದಕ್ಕೆ ಗಟ್ಟಿ ತಳಪಾಯ ಸಿಕ್ಕಿದ್ದು 19ನೇ ಶತಮಾನದಲ್ಲಿ, ಗಣಿತಜ್ಞರಾದ ಕೋಶಿ ಮತ್ತು ವಯರ್‌ಸ್ಟ್ರಾಸ್ ಅವರಿಂದ.