ಬೂದಿ ಇಟ್ಟಂಗಿ, ಡ್ಯಾಮಿನ ಗಾರೆ ಮತ್ತ ಕೆಲ್ಸದ ಲೆಕ್ಕ

ಪರಿಸರ ಅಂದ ಕೂಡ್ಲೆ ಬಳ್ಳಾರಿ ಕಡೆ ಮಂದಿಗೆ ನೆನಪಾಗೋದು 2011. ಆ ವರ್ಷ ಜುಲೈ 29ಕ್ಕ ಸುಪ್ರೀಂ ಕೋರ್ಟು ಜಿಲ್ಲಾದಾಗ ಅದಿರು ತೆಗೆಯೋದು ನಿಲ್ಲಿಸ್ತು, ಒಂದು ತಿಂಗಳೊಳಗ ಚಿತ್ರದುರ್ಗ, ತುಮಕೂರಿಗೂ ಅದೇ ಆರ್ಡರ್ ಬಂತು, ಸಂಡೂರು ರೋಡಿನ್ಯಾಗ ಓಡ್ತಿದ್ದ ಲಾರಿ ಎಲ್ಲಾ ನಿಂತ್ವು, ಸಾಲ ಮಾಡಿ ಲಾರಿ ತಗೊಂಡೋರ ಕಂತು ಮಾತ್ರ ನಿಲ್ಲಲಿಲ್ಲ. ಅವತ್ತಿಂದ ಚಾದಂಗಡ್ಯಾಗ ಒಂದೇ ಮಾತು, ಗಿಡ ಉಳಿಸಾಕ ಹೋಗಿ ನಮ್ಮ ಹೊಟ್ಟಿ ಮ್ಯಾಲೆ ಹೊಡದ್ರು ಅಂತ. ಆ ಸಿಟ್ಟು ಸುಳ್ಳಲ್ಲ. ಆದ್ರ ಅದನ್ನ ಹಿಡ್ಕೊಂಡು ಪರಿಸರದ ಕಾನೂನು ಬಂದಲ್ಲೆಲ್ಲಾ ಕೆಲ್ಸ ಹೋಗ್ತೈತಿ ಅಂತ ತೀರ್ಮಾನ ಮಾಡೋದು ನಂಗ ಒಪ್ಪಿಗಿ ಇಲ್ಲ, ಯಾಕಂದ್ರ ಅದರ ಉಲ್ಟಾ ಕಥಿ ನಮ್ಮ ಪಕ್ಕದಾಗೇ ನಡದೈತಿ, ಯಾರೂ ಅಷ್ಟಾಗಿ ಹೇಳಂಗಿಲ್ಲ. ಅದು ಬೂದಿ ಕಥಿ.

ರಾಯಚೂರಿನ ಶಕ್ತಿನಗರದ ಥರ್ಮಲ್ ಪ್ಲಾಂಟು 1985ರಿಂದ ಕರೆಂಟ್ ಕೊಡಾಕತ್ತೈತಿ, ಈಗ ಅದು 1720 ಮೆಗಾವ್ಯಾಟ್. ಯರಮರಸ್ 1600, ಬಳ್ಳಾರಿ ಹತ್ರ ಕುಡತಿನಿ 1700. ಮೂರೂ ಸೇರಿದ್ರ ಐದು ಸಾವಿರ ಮೆಗಾವ್ಯಾಟ್ ದಾಟ್ತೈತಿ. ನಮ್ಮ ದೇಶದ ಕಲ್ಲಿದ್ದಲಿನ್ಯಾಗ ನೂರಕ್ಕ ಮೂವತ್ತರಿಂದ ನಲವತ್ತೈದು ಭಾಗ ಬೂದಿನೇ. ಒಂದು ಯೂನಿಟ್ ಕರೆಂಟಿಗೆ ಹತ್ರಹತ್ರ 600-700 ಗ್ರಾಂ ಕಲ್ಲಿದ್ದಲು ಸುಟ್ರ ಇನ್ನೂರು ಗ್ರಾಂ ಮ್ಯಾಲೆ ಬೂದಿ ಉಳಿತೈತಿ, ನಿಮ್ಮ ಮನಿ ಕರೆಂಟ್ ಬಿಲ್ ತೆಗೆದು ಗುಣಿಸಿ ನೋಡ್ರಿ. ಆ ಬೂದಿನ ಮೊದಲೆಲ್ಲಾ ಏನ್ ಮಾಡ್ತಿದ್ರು ಅಂದ್ರ ನೀರಾಗ ಕಲಸಿ ಪೈಪಿನ್ಯಾಗ ಹಾಯಿಸಿ ದೊಡ್ಡ ಹೊಂಡಕ್ಕ ಬಿಡ್ತಿದ್ರು, ಅಷ್ಟೇ. ಬ್ಯಾಸಗ್ಯಾಗ ಹೊಂಡ ಒಣಗಿದ್ರ ಗಾಳಿಗೆ ಎದ್ದು ಹತ್ತಿ ಎಲಿ ಮ್ಯಾಲೆ, ಅಂಗಳದಾಗ ಒಣ ಹಾಕಿದ ಅರಿವಿ ಮ್ಯಾಲೆ ಬಂದು ಕೂಡ್ತಿತ್ತು. ಅದರ ಖರ್ಚು ಪ್ಲಾಂಟಿನ ಲೆಕ್ಕದ ಬುಕ್ಕಿನ್ಯಾಗ ಬರ್ತಿರಲಿಲ್ಲ, ಊರಿನ ಮಂದಿ ಲೆಕ್ಕಕ್ಕ ಬೀಳ್ತಿತ್ತು.

1999ರ ಸೆಪ್ಟೆಂಬರ್‌ದಾಗ ಕೇಂದ್ರ ಸರ್ಕಾರ ಒಂದು ನೋಟಿಫಿಕೇಶನ್ ಹೊರಡಿಸ್ತು. ಥರ್ಮಲ್ ಪ್ಲಾಂಟಿನಿಂದ 50 ಕಿಲೋಮೀಟರ್ ಒಳಗ ಇಟ್ಟಂಗಿ ಸುಡೋರು ಮಣ್ಣಿಗೆ ಕನಿಷ್ಠ ಕಾಲು ಭಾಗ ಬೂದಿ ಕಲಸಬೇಕು, ಪ್ಲಾಂಟ್‌ನೋರು ಹತ್ತು ವರ್ಷ ಬೂದಿ ಪುಕ್ಕಟೆ ಕೊಡಬೇಕು. 2003ರಾಗ ಆ 50 ಹೋಗಿ 100 ಆತು, 2016ರಾಗ 300. ಆವಾಗ ಎಷ್ಟು ಮಂದಿ ನಕ್ಕಿರಬೇಕು, ಬೂದಿ ಯಾರಿಗೆ ಬೇಕು ಅಂತ. 1996-97ರಾಗ ದೇಶದಾಗ ಹುಟ್ಟಿದ ಬೂದಿ ಒಳಗ ಕೆಲ್ಸಕ್ಕ ಬಂದಿದ್ದು ನೂರಕ್ಕ ಹತ್ತೂ ಇಲ್ಲ. 2021-22ಕ್ಕ ಅದು ನೂರಕ್ಕ 96ರ ಹತ್ರ ಬಂತು, ಅದೂ ಬೂದಿ ಹುಟ್ಟೋದು ನಾಲ್ಕು ಪಟ್ಟು ಆದ ಮ್ಯಾಲೆ.

ಈಗ ನಂಗ ಹುಚ್ಚು ಹಿಡಿಸಿದ ಭಾಗಕ್ಕ ಬರ್ತೀನಿ. ಮಣ್ಣಿಗೆ ಬೂದಿ ಕಲಸಿ ಸುಡೋ ಇಟ್ಟಂಗಿ ಬ್ಯಾರೆ, ನಾನು ಹೇಳೋ ಬೂದಿ ಇಟ್ಟಂಗಿನ ಸುಡಂಗಿಲ್ಲ. ಬೂದಿ, ಸುಣ್ಣ ಇಲ್ಲಾ ಸಿಮೆಂಟು, ಕ್ರಷರ್ ಡಸ್ಟು, ಸ್ವಲ್ಪ ಜಿಪ್ಸಮ್, ನೀರು, ಇಷ್ಟ ಕಲಸಿ ಮಷೀನ್‌ದಾಗ ಒತ್ತಿ ನೀರು ಹೊಡ್ಕೊಂತ ಇಟ್ರ ತಾನೇ ಕಲ್ಲಾಗ್ತೈತಿ. ಬೆಂಕಿ ಇಲ್ದ ಹೆಂಗ? ಬೆಂಕಿ ಮೊದಲೇ ಬಿದ್ದೈತಿ, ಬಾಯ್ಲರ್ ಒಳಗ. ಅಲ್ಲೆ 1300-1400 ಡಿಗ್ರಿ ಕಾವಿನ್ಯಾಗ ಕಲ್ಲಿದ್ದಲಿನ ಒಳಗಿದ್ದ ಮಣ್ಣಿನ ಕಣ ಕರಗಿ ಸಣ್ಣ ಹನಿ ಆಗಿ, ಹೊಗಿ ಜೋಡಿ ಮ್ಯಾಲೆ ಹಾರ್ಕೊಂತ ಸೆಕೆಂಡಿನ್ಯಾಗ ತಣ್ಣಗಾಗಿಬಿಡ್ತೈತಿ. ಹಂಗ ಗಡಬಡಿಸಿ ತಣ್ಣಗಾದ ಹನಿಗೆ ಒಳಗ ಅಣುಗಳ ಸಾಲು ಕಟ್ಟಾಕ ಟೈಮ್ ಸಿಗಂಗಿಲ್ಲ. ಸಕ್ರಿ ಪಾಕ ನಿಧಾನಕ್ಕ ದಿನಗಟ್ಟಲೆ ಆರಾಕ ಬಿಟ್ರ ಕಲ್ಲುಸಕ್ರಿ ಆಗ್ತೈತಿ, ಅದನ್ನ ಬಾಯಾಗ ಇಟ್ಕೊಂಡ್ರ ಜಲ್ದಿ ಕರಗಂಗಿಲ್ಲ, ಅದೇ ಪಾಕ ಕುದ್ದು ಗಟ್ಟಿಯಾದ ಕೂಡ್ಲೆ ತಣ್ಣನ ಕಲ್ಲಿನ ಮ್ಯಾಲೆ ಸುರಿದ್ರ ಗಾಜಿನಂಗ ಚಿಕ್ಕಿ ಆಗ್ತೈತಿ, ಗಾಳ್ಯಾಗಿನ ತೇವ ತಗುಲಿದ್ರೂ ಅಂಟಂಟು. ಮರಳು ಕಲ್ಲುಸಕ್ರಿ ಜಾತಿ, ಸಿಲಿಕಾ (ಮರಳಿನ ಮೂಲ ವಸ್ತು) ಅಚ್ಚುಕಟ್ಟಾಗಿ ಸಾಲು ಹಿಡಿದು ಕುಂತಿರ್ತೈತಿ, ಸುಣ್ಣ ಅದಕ್ಕ ಏನೂ ಮಾಡಾಕ ಆಗಂಗಿಲ್ಲ. ಹಾರುಬೂದಿ ಚಿಕ್ಕಿ ಜಾತಿ, ಸಿಲಿಕಾನೇ ಆದ್ರ ಗಾಜು. ಸುಣ್ಣದ ತಿಳಿನೀರು ಭಾಳ ಕ್ಷಾರ, ಅದರಾಗ ಆ ಗಾಜು ನಿಧಾನಕ್ಕ ಕರಗಿ ಕ್ಯಾಲ್ಸಿಯಂ ಜೋಡಿ ಕೂಡಿ ಹೊಸ ಅಂಟು ಹುಟ್ಟಿಸ್ತೈತಿ, ಸಿಮೆಂಟ್ ಗಟ್ಟಿಯಾದಾಗ ಒಳಗ ಹುಟ್ಟೋದೂ ಇದೇ ಅಂಟು. ಸೂಕ್ಷ್ಮದರ್ಶಕದಾಗ ನೋಡಿದ್ರ ಬೂದಿ ಕಣ ದುಂಡನ ಮಣಿ ಇದ್ದಂಗ, ಕೂದಲಿಗಿಂತ ಎಷ್ಟೋ ಸಣ್ಣದು, ಹಂಗಾಗಿ ಮುಟ್ಟಿದ್ರ ಟಾಲ್ಕಂ ಪೌಡರಿನಂಗ ಜಾರ್ತೈತಿ. ಒಂದೇ ತೊಂದ್ರಿ, ಈ ಕರಗೋದು ಕೂಡೋದು ಭಾಳ ನಿಧಾನ, ವಾರಗಟ್ಟಲೆ ಬೇಕು, ಅಲ್ಲಿತನಕ ಹಸಿ ಆರಬಾರದು. ಇದನ್ನ ನೆನಪಿಟ್ಕೋರಿ, ಮುಂದ ಬರ್ತೈತಿ.

ಇದೇನು ಹೊಸಾ ವಿದ್ಯಾ ಅಲ್ಲ. ಇಟಲಿಯ ನೇಪಲ್ಸ್ ಹತ್ರ ಪೊಟ್ಸುವೋಲಿ ಅಂತ ಊರೈತಿ, ರೋಮನ್ನರು ಅಲ್ಲಿ ಜ್ವಾಲಾಮುಖಿ ಬೂದಿಗೆ ಸುಣ್ಣ ಕಲಸಿ ಸಮುದ್ರದಾಗ ಬಂದರು ಕಟ್ಯಾರ, ರೋಮಿನ ಹಳೇ ಗುಡಿ ಪ್ಯಾಂಥಿಯನ್‌ನ ಗುಮ್ಮಟ ಕಬ್ಬಿಣ ಇಲ್ದ ಇನ್ನೂ ನಿಂತೈತಿ. ಅಷ್ಟು ದೂರ ಯಾಕ ಹೋಗಬೇಕು, ನಮ್ಮ ತುಂಗಭದ್ರಾ ಡ್ಯಾಮು! 1945ರಾಗ ಅಡಿಗಲ್ಲು ಹಾಕಿ 1953ರಾಗ ನೀರು ಬಿಟ್ಟ ಆ ಡ್ಯಾಮಿನ ಕಲ್ಲು ಹಿಡ್ಕೊಂಡಿರೋದು ಸುಣ್ಣ ಸುರ್ಕಿ ಗಾರೆ. ಸುರ್ಕಿ ಅಂದ್ರ ಸುಟ್ಟ ಮಣ್ಣಿನ ಪುಡಿ, ಹದವಾಗಿ ಸುಟ್ಟಾಗ ಮಣ್ಣಿನ ಒಳಗಿನ ಸಾಲು ಕೆಟ್ಟು ಅದೂ ಸುಣ್ಣಕ್ಕ ಕರಗೋ ಜಾತಿ ಆಗ್ತೈತಿ. ಅಂದ್ರ ಶಕ್ತಿನಗರದ ಬೂದಿ ಇಟ್ಟಂಗಿ ಮತ್ತ ಡ್ಯಾಮಿನ ಗೋಡಿ ರಸಾಯನಶಾಸ್ತ್ರದಾಗ ಅಣ್ಣ ತಮ್ಮ. 2024ರ ಆಗಸ್ಟ್ 10ರ ರಾತ್ರಿ ಚೈನು ಹರಿದು ಕೊಚ್ಚಿಕೊಂಡು ಹೋಗಿದ್ದು 19ನೇ ನಂಬರಿನ ಕಬ್ಬಿಣದ ಗೇಟು ನೋಡ್ರಿ, ಗಾರೆ ಅಲ್ಲ.

ಇಷ್ಟಾದ್ರೂ ಬೂದಿ ಇಟ್ಟಂಗಿ ಅಂದ್ರ ಮೂಗು ಮುರಿಯೋರು ಅದಾರ. ಹಣಿ ತುಂಬ ವಿಭೂತಿ ಹಚ್ಕೊಂಡೋರೇ ಬೂದಿ ಮನಿಗೆ ಶುಭ ಅಲ್ಲ ಅಂತಾರ, ಇದಕ್ಕ ಏನ್ ಹೇಳಬೇಕೋ ಗೊತ್ತಾಗಂಗಿಲ್ಲ. ಅದೇ ಮಂದಿ ಮನಿಗೆ ತರೋ ಸಿಮೆಂಟ್ ಚೀಲದ ಮ್ಯಾಲೆ ಪಿಪಿಸಿ ಅಂತ ಬರ್ದಿರ್ತೈತಿ, ಅದರಾಗ 15ರಿಂದ 35 ಪರ್ಸೆಂಟ್ ಹಾರುಬೂದಿ ಇರ್ತೈತಿ. ಇನ್ನು ವಾಟ್ಸಾಪ್‌ದಾಗ ಬರೋ ರೇಡಿಯೇಶನ್ ಮಾತು: ಬೂದ್ಯಾಗ ಯುರೇನಿಯಂ ಥೋರಿಯಂ ಕಣ ಇರೋದು ಖರೇನೇ, ಮಣ್ಣಿನ್ಯಾಗೂ ಇರ್ತೈತಿ, ನಾವು ಹುಟ್ಟಿ ಬೆಳೆದ ಗ್ರ್ಯಾನೈಟ್ ಗುಡ್ಡದಾಗೂ ಇರ್ತೈತಿ. ಆದ್ರ ಒಂದು ದೂರು ಮಾತ್ರ ಸರಿ ಐತಿ, ಗೌಂಡಿಗಳು ಹೇಳೋದು, ಕೆಲವೊಂದು ಬೂದಿ ಇಟ್ಟಂಗಿ ಅಂಚು ಉದುರ್ತಾವು ಅಂತ. ಅದು ಬೂದಿ ತಪ್ಪಲ್ಲ, ಅವಸರದ ತಪ್ಪು. ಸುಟ್ಟ ಇಟ್ಟಂಗಿ ಭಟ್ಟಿ ಇಳಿದ ದಿನಾನೇ ಗಟ್ಟಿ, ಇದಕ್ಕ ಎರಡು ಮೂರು ವಾರ ನೀರು ಹೊಡೀಬೇಕು, ಹಾಕಿದ ವಾರಕ್ಕೇ ಟ್ರ್ಯಾಕ್ಟರಿಗೆ ತುಂಬಿದ್ರ ಒಳಗ ಅಂಟು ಹುಟ್ಟಿರೋದೇ ಇಲ್ಲ. ತಗೊಳ್ಳೋ ಮುಂದ ರೇಟಿಗಿಂತ ಮೊದಲು ಯಾವತ್ತು ಹಾಕಿದ್ದು ಅಂತ ಕೇಳ್ರಿ.

ಸರಿ, ಕೆಲ್ಸದ ಲೆಕ್ಕ. ಒಂದು ಸಣ್ಣ ಬೂದಿ ಇಟ್ಟಂಗಿ ಯೂನಿಟ್‌ದಾಗ ಮಿಕ್ಸರ್ ಹತ್ರ ಒಬ್ರೋ ಇಬ್ರೋ, ಪ್ರೆಸ್ಸಿನ ಮುಂದ ಒಬ್ರು, ಹಸಿ ಇಟ್ಟಂಗಿ ಎತ್ತಿ ಒಟ್ಟೋರು, ಪೈಪು ಹಿಡಿದು ಹೊತ್ತಿಗೆ ಹೊತ್ತಿಗೆ ನೀರು ಹೊಡಿಯೋರು, ಹಿಂಗ ಎಂಟ್ಹತ್ತು ಮಂದಿ. ಹೊರಗ ಬಲ್ಕರ್ (ಬೂದಿ ತುಂಬೋ ಟ್ಯಾಂಕರ್ ಲಾರಿ) ಡ್ರೈವರ್, ಮಷೀನ್ ರಿಪೇರಿಯೋನು. ಮಣ್ಣಿನ ಭಟ್ಟಿಯೂ ಕೆಲ್ಸ ಕೊಡ್ತೈತಿ, ತಲಿಗೊಬ್ರಂತ ಎಣಿಸಿದ್ರ ಜಾಸ್ತಿನೇ ಕೊಡಬಹುದು. ಆದ್ರ ಭಟ್ಟಿ ಮಳಿಗಾಲಕ್ಕ ಬಂದ್, ಇದು ಶೆಡ್ ಕೆಳಗ ವರ್ಷಪೂರ್ತಿ ನಡಿತೈತಿ, ಬೆಂಗಳೂರಿಗೆ ಗುಳೆ ಹೋಗೋ ಊರುಗಳಿಗೆ ಈ ಫರಕು ಸಣ್ಣದಲ್ಲ. ಅದಕ್ಕೇ ನಾನು ಬರೇ ತಲಿ ಎಣಿಸೋ ವಾದಕ್ಕ ಹೋಗಂಗಿಲ್ಲ. ಇವತ್ತು ಗುಂಡಿ ತೋಡಿಸಿ ನಾಳೆ ಮುಚ್ಚಿಸಿದ್ರೂ ಕೂಲಿ ಸಿಗ್ತೈತಿ, ಬೆಳವಣಿಗಿ ಅಂತ ಅದಕ್ಕ ಯಾರೂ ಅನ್ನಂಗಿಲ್ಲ. ಕೂಲಿ ಕೊಟ್ಟ ಮ್ಯಾಲೆ ಏನು ಉಳಿತು ಅನ್ನೋದು ನೋಡಬೇಕು. ಒಂದು ಸುಟ್ಟ ಇಟ್ಟಂಗಿಗೆ ಹೊಲದ ಮ್ಯಾಲ್ಮಣ್ಣು ಮೂರು ಕೆ.ಜಿ. ಹೋಗ್ತೈತಿ, ಮ್ಯಾಲೆ ಕಟ್ಟಿಗಿ ಇಲ್ಲಾ ಕಲ್ಲಿದ್ದಲು. ಇಲ್ಲೆ ಮಣ್ಣು ಹೊಲದಾಗೇ ಉಳಿತು, ಉರುವಲು ಉಳಿತು, ಹೊಂಡಕ್ಕ ಹೋಗೋ ಬೂದಿ ಗೋಡಿ ಆತು. ಕಾನೂನು ಮಾಡಿದ್ದು ಇಷ್ಟೇ, ಊರಿನ ಮಂದಿ ಲೆಕ್ಕಕ್ಕ ಬೀಳ್ತಿದ್ದ ಖರ್ಚನ್ನ ಪ್ಲಾಂಟಿನ ಬುಕ್ಕಿಗೆ ಹಾಕ್ತು, ಹಾಕಿದ ಮ್ಯಾಲೆ ಅದನ್ನ ಕಡಿಮಿ ಮಾಡೋ ದಾರಿ ಹುಡುಕೋರೂ ಹುಟ್ಟಿಕೊಂಡ್ರು.

ಎಲ್ಲಾ ಚಂದ ಐತಿ ಅಂತ ಅಲ್ಲ ಮತ್ತ. ಬೂದಿಗೆ ಗಿರಾಕಿ ಹುಟ್ಟಿದ್ದೇ ತಡ 2009ರಾಗ ಅದನ್ನ ಮಾರಾಕ ಪ್ಲಾಂಟ್‌ಗಳಿಗೆ ಅವಕಾಶ ಸಿಕ್ತು, ಒಣಬೂದಿ ಒಳಗ ಕನಿಷ್ಠ 20 ಪರ್ಸೆಂಟ್ ಇಟ್ಟಂಗಿ ಯೂನಿಟ್‌ಗಳಿಗೆ ಪುಕ್ಕಟೆ ಅಂತ ರೂಲ್ ಇಟ್ರೂ, ಸಿಮೆಂಟ್ ಕಂಪನಿ ಬಲ್ಕರ್ ಸಾಲು ಹಚ್ಚಿ ನಿಂತಲ್ಲೆ ಸಣ್ಣ ಯೂನಿಟ್‌ನೋನ ಕೂಗು ಎಷ್ಟು ದೂರ ಕೇಳ್ತೈತಿ? ಹಳೇ ಹೊಂಡಗಳ ಅಪಾಯನೂ ಮುಗಿದಿಲ್ಲ, 2020ರ ಏಪ್ರಿಲ್‌ದಾಗ ಮಧ್ಯಪ್ರದೇಶದ ಸಿಂಗ್ರೌಲಿಯೊಳಗ ಬೂದಿ ಹೊಂಡ ಒಡೆದು ಮಂದಿ ಕೊಚ್ಚಿಕೊಂಡು ಹೋಗಿ ಸತ್ರು. ಮತ್ತ ಈ ಧಂದೆ ಪೂರಾ ಕಲ್ಲಿದ್ದಲಿನ ಬಾಲ ಹಿಡ್ಕೊಂಡೈತಿ, ಸೋಲಾರ್ ಬಂದು ಬಾಯ್ಲರ್ ಆರಿದ ದಿನ ಬೂದಿನೂ ಬಂದ್, ಆರಬೇಕಾದ್ದೇ ಅನ್ನೋದು ನನ್ನ ಮತ.

ಆವಾಗ ಇಟ್ಟಂಗಿಗೆ ಏನು ಅಂದ್ರ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನೋಡ್ರಿ. ಸಾವಿರ ಕೆ.ಜಿ. ಭತ್ತಕ್ಕ ಹತ್ರಹತ್ರ ಇನ್ನೂರು ಕೆ.ಜಿ. ಹೊಟ್ಟು, ಅದನ್ನ ರೈಸ್ ಮಿಲ್ ಬಾಯ್ಲರಿಗೆ ಹಾಕಿ ಸುಟ್ರ ನಲವತ್ತು ಕೆ.ಜಿ. ಬೂದಿ, ಆ ಬೂದ್ಯಾಗ ನೂರಕ್ಕ 85ರ ಮ್ಯಾಲೆ ಸಿಲಿಕಾ, ಕಲ್ಲಿದ್ದಲು ಬೂದಿಗಿಂತ ಶುದ್ಧ. ಕಾವು 700 ಡಿಗ್ರಿ ಒಳಗ ಹಿಡಿದು ಸುಟ್ರ ಸುಣ್ಣಕ್ಕ ಕರಗೋ ಜಾತಿ ಬೂದಿ ಸಿಗ್ತೈತಿ, ಮ್ಯಾಲೆ ಹೋತೋ ಸಾಲು ಕಟ್ಟಿ ಮರಳಿನಂಗ ಕುಂತುಬಿಡ್ತೈತಿ, ಕಾವು ಅಳೆಯೋಕೆ ಒಬ್ಬ ಐಟಿಐ ಹುಡುಗ ಸಾಕು. 1999ರ ಆ ನೋಟಿಫಿಕೇಶನ್ ಇದ್ದದ್ದು ಥರ್ಮಲ್ ಪ್ಲಾಂಟಿನ ಬೂದಿಗಷ್ಟೇ, 2021ರ ಕೊನೀಗೆ ಅದರ ಜಾಗಕ್ಕ ಬಂದದ್ದೂ ಹಂಗೇ, ಹೊಟ್ಟಿನ ಬೂದಿ ಅದರಾಗ ಬರಂಗಿಲ್ಲ, ಹಂಗಾಗಿ ಅದಿನ್ನೂ ಮಿಲ್ಲಿನ ಹಿಂದ ಕರ್ರಗ ಗುಡ್ಡಿ ಬಿದ್ದೈತಿ.