ವಾರದ ಎಣ್ಣೆ, ತಿಂಗಳ ಎಣ್ಣೆ

'ಕಳೆದ 30 ದಿನದಲ್ಲಿ ಮನೆಗೆ ಎಷ್ಟು ಎಣ್ಣೆ ಖರ್ಚಾಯ್ತು?' ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದಶಕಗಳ ಕಾಲ ಮನೆ ಮನೆಗೆ ಹೋಗಿ ಕೇಳಿದ ಪ್ರಶ್ನೆ ಇದು. ಎಣ್ಣೆಯ ಹಾಗೇ ಬೇಳೆ, ಉಪ್ಪು, ಬೀಡಿ, ಸೋಪು ಅಂತ ಪಟ್ಟಿ ಬೆಳೆಯುತ್ತದೆ. ದೇಶದಲ್ಲಿ ಬಡವರು ಎಷ್ಟು ಅನ್ನೋ ಲೆಕ್ಕ ಹುಟ್ಟುತ್ತಿದ್ದುದೇ ಈ ಉತ್ತರಗಳಿಂದ.

ಸರಿ, 30 ದಿನವೇ ಯಾಕೆ? 1950ರ ದಶಕದ ಆರಂಭದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪಿ.ಸಿ. ಮಹಲನೋಬಿಸ್ ಮತ್ತು ಎಸ್.ಬಿ. ಸೇನ್ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದರು. ಕೆಲವು ಮನೆಗಳಲ್ಲಿ ವಾರದ ಲೆಕ್ಕ ಕೇಳಿದರು, ಕೆಲವು ಕಡೆ ತಿಂಗಳದ್ದು. ಇನ್ನು ಕೆಲವು ಮನೆಗಳಲ್ಲಿ ಅಕ್ಕಿ, ಬೇಳೆ ತೂಗಿಯೇ ಬರೆದುಕೊಂಡರು. ತೂಕಕ್ಕೆ ಹತ್ತಿರ ಬಂದದ್ದು ತಿಂಗಳ ಉತ್ತರ. ವಾರದ ಉತ್ತರ ಜಾಸ್ತಿ ಹೇಳುತ್ತಿತ್ತು.

1994ರಿಂದ 1998ರವರೆಗಿನ ಸಮೀಕ್ಷೆಯ ಸುತ್ತುಗಳಲ್ಲಿ ಇದನ್ನು ಮತ್ತೆ ಕೆದಕಿದರು. ಅರ್ಧ ಮನೆಗಳಿಗೆ ಹಳೆಯ ಫಾರಂ. ಉಳಿದರ್ಧಕ್ಕೆ ಆಹಾರದ ಬಗ್ಗೆ 7 ದಿನದ ಪ್ರಶ್ನೆ. ಯಾವ ಮನೆಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ. ಖರ್ಚು ಜಾಸ್ತಿ ಕಂಡರೆ ಬಡವರು ಕಡಿಮೆ ಕಾಣುತ್ತಾರೆ. ಹೊಸ ಫಾರಂನಲ್ಲಿ ಬಡತನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು! ಯಾರ ತಟ್ಟೆಗೂ ಒಂದು ತುತ್ತು ಹೆಚ್ಚಿಗೆ ಬಿದ್ದಿರಲಿಲ್ಲ.

ಎಡವಟ್ಟಾಗಿದ್ದು 1999-2000ರಲ್ಲಿ. ಆ ಸಲ ಎರಡೂ ಪ್ರಶ್ನೆಗಳನ್ನು ಒಂದೇ ಮನೆಯಲ್ಲಿ, ಪಕ್ಕಪಕ್ಕದ ಕಾಲಂಗಳಲ್ಲಿ ಕೇಳಿದರು. ವಾರಕ್ಕೆ ಅರ್ಧ ಲೀಟರ್ ಅಂದವರು ತಿಂಗಳಿಗೆ ಒಂದು ಲೀಟರ್ ಅಂತ ಹೇಗೆ ಹೇಳ್ತಾರೆ? ಸುಮ್ನೆ ನಾಲ್ಕರಿಂದ ಗುಣಿಸಿ ಎರಡು ಅಂತಾರೆ, ಅಲ್ವಾ? ಹಿಂದೆ ಬೇರೆ ಬೇರೆ ಮನೆಗಳಲ್ಲಿ ದೂರ ದೂರ ಇದ್ದ ಉತ್ತರಗಳು ಈಗ ಒಂದಕ್ಕೊಂದು ಅಂಟಿಕೊಂಡವು.

ಅಧಿಕೃತ ಬಡತನ 1993-94ರ ಶೇ. 36ರಿಂದ ಶೇ. 26ಕ್ಕೆ ಇಳಿದಿತ್ತು. ಆರ್ಥಿಕ ಸುಧಾರಣೆಯ ಫಲ ಅಂತ ಒಂದು ಕಡೆ, ಫಾರಂನ ಫಲ ಅಂತ ಇನ್ನೊಂದು ಕಡೆ. ಸ್ಯಾಂಪಲ್ ಚಿಕ್ಕದಾಗಿತ್ತು ಅನ್ನೋ ಹಾಗೂ ಇಲ್ಲ, ಸುಮಾರು 1.2 ಲಕ್ಷ ಮನೆಗಳು. ಆದರೆ ಪ್ರಶ್ನೆಯೇ ವಾಲಿದ್ದರೆ ಇನ್ನೊಂದು ಲಕ್ಷ ಮನೆ ಸೇರಿಸಿದರೂ ಉತ್ತರ ಅದೇ ಕಡೆ ವಾಲುತ್ತದೆ.

ದಾರಿ ತೋರಿಸಿದವರಲ್ಲಿ ಒಬ್ಬರು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್. 2015ರಲ್ಲಿ ನೊಬೆಲ್ ಪಡೆದವರು. ಉರುವಲಿನಂಥ ಕೆಲವು ಖರ್ಚುಗಳನ್ನು 1993-94, 1999-2000 ಎರಡೂ ಸುತ್ತಿನಲ್ಲಿ 30 ದಿನಕ್ಕೇ ಕೇಳಿದ್ದರು. ಅವು ಕೆಟ್ಟಿರಲಿಲ್ಲ. ಆ ಖರ್ಚಿಗೂ ಒಟ್ಟು ಖರ್ಚಿಗೂ ಹಿಂದೆ ಇದ್ದ ಸಂಬಂಧ ಹಿಡಿದು ಅವರು ಲೆಕ್ಕ ಹಾಕಿದರು. ಹಳ್ಳಿಗಳ ಬಡತನ ಅಧಿಕೃತವಾಗಿ ಶೇ. 27, ಅವರ ಲೆಕ್ಕದಲ್ಲಿ ಸುಮಾರು 30. ಅಂದರೆ ಇಳಿದಿದ್ದು ನಿಜ, ಹೇಳಿದಷ್ಟಲ್ಲ. ನನಗೆ ಇದು ಜಾಣ ಲೆಕ್ಕ ಅನಿಸುತ್ತದೆ. ಆದರೂ ಆ ಹಳೇ ಸಂಬಂಧ ಬದಲಾಗಿಲ್ಲ ಅಂತ ನಂಬಬೇಕು. ಎಲ್ಲ ಅರ್ಥಶಾಸ್ತ್ರಜ್ಞರೂ ನಂಬಲಿಲ್ಲ.

2004-05ರಲ್ಲಿ ಆಹಾರಕ್ಕೆ ಮತ್ತೆ 30 ದಿನದ ಪ್ರಶ್ನೆಯಷ್ಟೇ ಇತ್ತು. 7 ದಿನದ ಪ್ರಶ್ನೆ ಆಮೇಲೆ ವಾಪಸ್ ಬಂತು. ಈ ಸಲ ಬೇರೆ ಮನೆಗಳಿಗೆ.