ವಜಾ ಮಾಡುವ ಮುನ್ನ ಕೇಳಬೇಕಾದ ಮಾತು: 311ನೇ ವಿಧಿ ನಡೆದುಬಂದ ದಾರಿ

ಲಂಚ ಪಡೆಯುವಾಗಲೇ ಸಿಕ್ಕಿಬಿದ್ದ ಅಧಿಕಾರಿಯೊಬ್ಬರು ಕೆಲವು ತಿಂಗಳು ಅಮಾನತಿನಲ್ಲಿದ್ದು, ಮತ್ತೊಂದು ಊರಿನ ಕಚೇರಿಯಲ್ಲಿ ಅದೇ ದರ್ಜೆಯ ಹುದ್ದೆಗೆ ಮರಳಿದಾಗ, ಸರ್ಕಾರಿ ನೌಕರರನ್ನು ಯಾರೂ ಅಲುಗಾಡಿಸಲಾರರು ಎಂದು ಜನ ಗೊಣಗುತ್ತಾರೆ. ಈ ಅಸಮಾಧಾನ ಕೊನೆಗೆ ಸಂವಿಧಾನದ 311ನೇ ವಿಧಿಯನ್ನು ದೂರುವಲ್ಲಿಗೆ ಬಂದು ನಿಲ್ಲುತ್ತದೆ. ಆದರೆ ಆ ವಿಧಿ ನೌಕರಿಯನ್ನು ಕಾಯುವುದಿಲ್ಲ. ನೌಕರಿ ಕಳೆಯುವ ಮುನ್ನ ಆರೋಪವೇನೆಂದು ತಿಳಿಸಿ, ಆಪಾದಿತನ ಮಾತನ್ನು ಕೇಳಬೇಕೆಂದಷ್ಟೇ ಹೇಳುತ್ತದೆ.

ಅಷ್ಟು ಹೇಳಿಸಿಕೊಳ್ಳುವುದಕ್ಕೂ ದೀರ್ಘ ಕಾಲ ಬೇಕಾಯಿತು. ಬ್ರಿಟಿಷರ ಆಳ್ವಿಕೆಯಲ್ಲಿ ನೌಕರನ ಸೇವೆ ದೊರೆಯ ಇಷ್ಟಪರ್ಯಂತ ಮಾತ್ರ. 1919ರ ಭಾರತ ಸರ್ಕಾರ ಕಾಯ್ದೆ ಈ ತತ್ತ್ವವನ್ನು ಉಳಿಸಿಕೊಂಡೇ, ನೇಮಿಸಿದ ಪ್ರಾಧಿಕಾರಕ್ಕಿಂತ ಕೆಳಗಿನವರು ವಜಾ ಮಾಡಬಾರದೆಂಬ ಒಂದು ಬೇಲಿ ಹಾಕಿತು. ಮದರಾಸು ಪ್ರಾಂತ್ಯದ ಎರಡು ಪ್ರಕರಣಗಳು ಆಗಿನ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದಾಗ ಈ ಬೇಲಿಯ ಅಳತೆ ಗೊತ್ತಾಯಿತು: ಕೆಳಗಿನ ಅಧಿಕಾರಿಯಿಂದ ವಜಾಗೊಂಡಿದ್ದ ಸಬ್ ಇನ್‌ಸ್ಪೆಕ್ಟರ್ ಗೆದ್ದರು, ವಿಚಾರಣೆಯ ನಿಯಮಗಳನ್ನು ಪಾಲಿಸಿಲ್ಲವೆಂದು ವಾದಿಸಿದ ಸರ್ಕಾರಿ ಮುದ್ರಣಾಲಯದ ನೌಕರರು ಸೋತರು. 1935ರ ಕಾಯ್ದೆಯ 240ನೇ ಕಲಂ, ಕಾರಣ ತೋರಿಸಲು ನ್ಯಾಯಸಮ್ಮತ ಅವಕಾಶ ಕೊಡಬೇಕೆಂದು ಹೇಳಿ ಆ ಕೊರತೆಯನ್ನು ತುಂಬಿತು. 1940ರಲ್ಲಿ ತೆಗೆದುಹಾಕಲಾಗಿದ್ದ ಐ.ಸಿ.ಎಸ್. (ಬ್ರಿಟಿಷರ ಕಾಲದ ಭಾರತೀಯ ನಾಗರಿಕ ಸೇವೆ) ಅಧಿಕಾರಿ ಐ.ಎಂ. ಲಾಲ್ ಅವರ ವಿರುದ್ಧದ ಆದೇಶ ಇದೇ ಕಲಮಿನ ಬಲದಿಂದ 1948ರಲ್ಲಿ ಬಿದ್ದುಹೋಯಿತು.

ಸಂವಿಧಾನದ 310ನೇ ವಿಧಿ ‘ಇಷ್ಟಪರ್ಯಂತ’ ಎಂಬುದನ್ನು ರಾಷ್ಟ್ರಪತಿ ಮತ್ತು ರಾಜ್ಯಪಾಲರ ಹೆಸರಿನಲ್ಲಿ ಉಳಿಸಿತು. 311 ಅದಕ್ಕೆ ಮಿತಿ ಹಾಕಿತು. 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ಸರ್ದಾರ್ ಪಟೇಲರು ನಿರ್ಭೀತಿಯಿಂದ ಅಭಿಪ್ರಾಯ ಹೇಳಬಲ್ಲ ಅಧಿಕಾರಿವರ್ಗ ದೇಶಕ್ಕೆ ಬೇಕೆಂದು ವಾದಿಸಿದ್ದರು. ಮಂತ್ರಿಯ ಮುನಿಸಿಗೆ ಗುಮಾಸ್ತನ ಅನ್ನ ಹೋಗಬಾರದೆಂಬ ಈ ಕಾಳಜಿ ಇಂದಿಗೂ ಹಳತಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಆಮೇಲಿನ ವರ್ಷಗಳಲ್ಲಿ ರಕ್ಷಣೆ ಬೆಳೆದದ್ದಕ್ಕಿಂತ ಸವೆದದ್ದೇ ಹೆಚ್ಚು. ಆರೋಪದ ಬಗ್ಗೆ ಒಮ್ಮೆ, ಉದ್ದೇಶಿತ ದಂಡನೆಯ ಬಗ್ಗೆ ಮತ್ತೊಮ್ಮೆ ಸಿಗುತ್ತಿದ್ದ ಅವಕಾಶಗಳಲ್ಲಿ ಎರಡನೆಯದನ್ನು 1976ರ 42ನೇ ತಿದ್ದುಪಡಿ ಕಿತ್ತುಹಾಕಿತು. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದಾಗ, ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲದಾಗ, ರಾಜ್ಯದ ಭದ್ರತೆಗೆ ಅದು ಹಿತವಲ್ಲವೆನಿಸಿದಾಗ ವಿಚಾರಣೆಯೇ ಇಲ್ಲದೆ ವಜಾ ಮಾಡಬಹುದೆಂಬ ವಿನಾಯಿತಿಯನ್ನು 1985ರಲ್ಲಿ ತುಳಸೀರಾಂ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮೇಲಧಿಕಾರಿಯ ತಲೆಗೆ ಕಬ್ಬಿಣದ ಸಲಾಕೆಯಿಂದ ಹೊಡೆದಿದ್ದ ಲೆಕ್ಕಪರಿಶೋಧಕರೊಬ್ಬರ ಪ್ರಕರಣವಿದು. 1993ರಲ್ಲಿ ಮಾತ್ರ, ವಿಚಾರಣಾ ವರದಿಯ ಪ್ರತಿಯನ್ನು ದಂಡನೆಗೆ ಮೊದಲೇ ನೌಕರನಿಗೆ ಕೊಡಬೇಕೆಂದು ಅದೇ ನ್ಯಾಯಾಲಯ ಹೇಳಿತು. ನಿಗಮಗಳ ನೌಕರರಿಗೂ ಹೊರಗುತ್ತಿಗೆಯವರಿಗೂ ಈ ವಿಧಿಯ ಆಸರೆ ಇಲ್ಲವೆಂಬುದನ್ನು ಇಲ್ಲಿ ಮರೆಯಬಾರದು.

ಹಾಗಾದರೆ ತಡವಾಗುವುದು ಎಲ್ಲಿ? ಕರ್ನಾಟಕದಲ್ಲಿ 1957ರ ಸಿಸಿಎ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ ದೋಷಾರೋಪಣೆ, ಲಿಖಿತ ಹೇಳಿಕೆ, ಸಾಕ್ಷಿ, ಪಾಟೀಸವಾಲು, ವರದಿ ಎಂದು ಇಲಾಖಾ ವಿಚಾರಣೆ ಹಂತಹಂತವಾಗಿ ಸಾಗಬೇಕು. 14-ಎ ನಿಯಮದಡಿ ಅದನ್ನು ಲೋಕಾಯುಕ್ತಕ್ಕೋ ಉಪಲೋಕಾಯುಕ್ತಕ್ಕೋ ವಹಿಸಿದರೂ ಅಂತಿಮ ಆದೇಶ ಹೊರಡಬೇಕಾದದ್ದು ದಂಡನೆ ವಿಧಿಸುವ ಅಧಿಕಾರವುಳ್ಳ ಶಿಸ್ತು ಪ್ರಾಧಿಕಾರದಿಂದಲೇ. ಭ್ರಷ್ಟಾಚಾರದ ಮೊಕದ್ದಮೆಗೆ ಬೇಕಾದ ಪೂರ್ವಾನುಮತಿಯ ಕಡತವೋ ಬೇರೆಯೇ ಮೇಜಿನ ಮೇಲಿರುತ್ತದೆ. ಕಡತ ಕೂತಲ್ಲೇ ಕೂತಿದ್ದರೆ ಅದಕ್ಕೆ ಸಂವಿಧಾನ ಹೊಣೆಯಲ್ಲ. ವಿಳಂಬದಿಂದ ತಪ್ಪಿತಸ್ಥನಿಗೆ ಲಾಭವಾದರೆ, ನಿರ್ದೋಷಿಗೆ ಬಡ್ತಿ ನಿಂತುಹೋಗುತ್ತದೆ. ಮೂರು ತಿಂಗಳೊಳಗೆ ಆರೋಪಪಟ್ಟಿ ಕೊಡದಿದ್ದರೆ ಅಮಾನತನ್ನು ಮುಂದುವರಿಸಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಬೇಕಾಗಿ ಬಂದದ್ದು ಇದರಿಂದಲೇ.

ವಿಚಾರಣೆ ಮುಗಿಯುವುದರೊಳಗೆ ನಿವೃತ್ತಿ ಬಂದರೆ ವಜಾ ಮಾಡಲು ನೌಕರಿಯೇ ಉಳಿದಿರುವುದಿಲ್ಲ. ಆಗ ಸರ್ಕಾರದ ಕೈಯಲ್ಲಿ ಉಳಿಯುವುದು ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 214ನೇ ನಿಯಮದಡಿ ಪಿಂಚಣಿಯನ್ನು ತಡೆಹಿಡಿಯುವ ಅಧಿಕಾರ. ಸೇವೆಯಲ್ಲಿದ್ದಾಗ ಆರೋಪಪಟ್ಟಿಯೇ ಜಾರಿಯಾಗಿರದಿದ್ದರೆ, ನಾಲ್ಕು ವರ್ಷಕ್ಕಿಂತ ಹಿಂದಿನ ಘಟನೆಯ ಬಗ್ಗೆ ಆ ನಿಯಮದಡಿಯೂ ಹೊಸದಾಗಿ ಇಲಾಖಾ ವಿಚಾರಣೆ ಆರಂಭಿಸುವಂತಿಲ್ಲ.